ಬುಧವಾರ ಮನೆ ಕ್ಲೋಸಿಂಗ್, ಸಿಡಿ (ಕ್ಲೋಸಿಂಗ್ ಡಿಸ್‌ಕ್ಲೋಷರ್) ಇನ್ನೂ ಬಂದಿಲ್ಲ. ‘ಮೂರು ದಿನದ ರೂಲ್’ ಅಂತ ಲೋನ್ ಆಫೀಸರ್ ಹೇಳ್ತಿದ್ದಾರೆ, ನಿಜಾನಾ?

ಮಜ್ಜಿಗೆಹುಳಿ (ಗುರುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನ್ಯೂಜೆರ್ಸಿಯ ಪ್ಲೇನ್ಸ್‌ಬರೊ ಹತ್ತಿರ ಟೌನ್‌ಹೌಸ್ ತಗೊಳ್ತಿದ್ದೇವೆ. ಮೊದಲ ಮನೆ. ಕಾಂಟ್ರ್ಯಾಕ್ಟ್ ಪ್ರಕಾರ ಕ್ಲೋಸಿಂಗ್ (ಕೊನೆಯ ಸೈನ್ ಮಾಡಿ ಮನೆ ಕೈಗೆ ಬರುವ ದಿನ) ಮುಂದಿನ ಬುಧವಾರ, ಅಂದರೆ ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನ. ರೇಟ್ ಲಾಕ್ (ಈಗಿನ ಬಡ್ಡಿದರ ಹಿಡಿದಿಟ್ಟ ಅವಧಿ) ಶುಕ್ರವಾರಕ್ಕೆ ಮುಗಿಯುತ್ತದೆ. ಅಪಾರ್ಟ್‌ಮೆಂಟ್ ಲೀಸ್ ತಿಂಗಳ ಕೊನೆಗೆ ಮುಗಿಯುತ್ತದೆ. ಗೃಹಪ್ರವೇಶಕ್ಕೆ ಭಾನುವಾರ ಬೆಳಿಗ್ಗೆ ಮುಹೂರ್ತ ಇಟ್ಟು, ನಲವತ್ತು ಜನಕ್ಕೆ ಊಟಕ್ಕೂ ಹೇಳಿ ಆಗಿದೆ.

ಇವತ್ತು ಲೋನ್ ಆಫೀಸರ್ ಫೋನ್ ಮಾಡಿ, ಕ್ಲೋಸಿಂಗ್ ಡಿಸ್‌ಕ್ಲೋಷರ್ (ಸಿಡಿ, ಸಾಲ ಮತ್ತು ಖರ್ಚಿನ ಕೊನೆಯ ಲೆಕ್ಕದ ಕಾಗದ) ಇನ್ನೂ ಕಳಿಸಲು ಆಗಿಲ್ಲ, ಫೆಡರಲ್ ರೂಲ್ ಪ್ರಕಾರ ಅದು ಕೈಗೆ ಬಂದ ಮೇಲೆ ಮೂರು ದಿನ ಕಾಯಲೇಬೇಕು, ಬುಧವಾರ ಕಷ್ಟ, ಡಿಸೆಂಬರ್ 1ರ ಸೋಮವಾರಕ್ಕೆ ಹೋಗಬಹುದು ಎಂದರು. ಲಾಕ್ ಮುಂದುವರಿಸಲು ಬೇರೆ ಫೀ ಅಂತೆ. ನಮ್ಮವರು ಮಧ್ಯದಲ್ಲಿ 7 ವರ್ಷದ ಎಆರ್‌ಎಂ (ಆ ಅವಧಿ ಮುಗಿದ ಮೇಲೆ ಬಡ್ಡಿದರ ಬದಲಾಗುವ ಸಾಲ) ಬೇಡ, 30 ವರ್ಷದ ಫಿಕ್ಸೆಡ್ ಇರಲಿ ಅಂತ ಬದಲಾಯಿಸಿದ್ದರು. ಅದಕ್ಕೇ ಹೀಗಾಯಿತಾ? ಈ ಮೂರು ದಿನ ಬೇಡ ಅಂತ ಬರೆದುಕೊಟ್ಟರೆ ನಡೆಯುತ್ತದಾ?

---

ಸಿಯಾಟಲ್ ಮಳೆ

ನಿಜ ಕಣ್ರೀ. ನಮ್ಮನ್ನೂ ಈ ರೂಲೇ ಹಾಳು ಮಾಡಿದ್ದು. ಕ್ಲೋಸಿಂಗ್‌ಗೆ ನಾಲ್ಕು ದಿನ ಇರುವಾಗ ಫಿಕ್ಸೆಡ್‌ನಿಂದ ಎಆರ್‌ಎಂಗೆ ಹೋದೆವು. ಹೊಸ ಸಿಡಿ ಬಂತು, ಮತ್ತೆ ಮೂರು ದಿನ. ತಡ ಮಾಡಿದ್ದಕ್ಕೆ ಮಾರಾಟಗಾರರಿಗೆ ದಿನಕ್ಕಿಷ್ಟು ಅಂತ ಕೊಟ್ಟೆವು. ಸರ್ಕಾರ ಗ್ರಾಹಕರನ್ನು ಕಾಪಾಡುತ್ತದಂತೆ. ನನ್ನನ್ನು ಯಾರಿಂದ ಕಾಪಾಡಿದರೋ ಗೊತ್ತಿಲ್ಲ.

---

ಕಾಪಿಪುಡಿ

ನಾನು ಶಾರ್ಲಟ್‌ನಲ್ಲಿ ಲೋನ್ ಪ್ರೊಸೆಸಿಂಗ್ ಕೆಲಸದಲ್ಲಿದ್ದೇನೆ. ಹನ್ನೊಂದು ವರ್ಷವಾಯಿತು. ನಿಮ್ಮ ಲೆಂಡರ್ ಬೇರೆ, ನಿಮ್ಮ ಫೈಲ್ ನಾನು ನೋಡಿಲ್ಲ. ರೂಲ್ ಏನು ಹೇಳುತ್ತದೆ ಅಂತ ಮಾತ್ರ ಹೇಳಬಲ್ಲೆ.

ಮೊದಲು ದಿನದ ಲೆಕ್ಕ. ಸಿಡಿ ನಿಮ್ಮ ಕೈಗೆ ಬಂದ ದಿನವನ್ನು ಎಣಿಸಬಾರದು. ಮರುದಿನದಿಂದ ಒಂದು, ಎರಡು, ಮೂರು. ಮೂರನೇ ದಿನ ಸೈನ್ ಮಾಡಬಹುದು. ಇಲ್ಲಿ ಶನಿವಾರವೂ ಲೆಕ್ಕಕ್ಕೆ ಬರುತ್ತದೆ. ಭಾನುವಾರ ಮತ್ತು ಫೆಡರಲ್ ರಜೆ ಬರುವುದಿಲ್ಲ. ಹಾಗಾಗಿ ಈ ಶನಿವಾರದೊಳಗೆ ಸಿಡಿ ಬಂದರೆ ಸೋಮ, ಮಂಗಳ, ಬುಧ ಆಯಿತು, ಬುಧವಾರ ಕ್ಲೋಸ್ ಮಾಡಬಹುದು. ಸೋಮವಾರ ಬಂದರೆ ಮಂಗಳ, ಬುಧ, ಆಮೇಲೆ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಬಿಟ್ಟು ಶುಕ್ರವಾರ. ಕಾನೂನಿಗೆ ಆ ಶುಕ್ರವಾರ ಕೆಲಸದ ದಿನವೇ. ಆದರೆ ಅವತ್ತು ಬಾಗಿಲು ತೆರೆಯುವ ಟೈಟಲ್ ಕಂಪನಿ (ಮನೆಯ ಹಕ್ಕು ಪರೀಕ್ಷಿಸಿ ಕ್ಲೋಸಿಂಗ್ ನಡೆಸುವವರು) ಕಡಿಮೆ. ನಿಮ್ಮ ಲೋನ್ ಆಫೀಸರ್ ಸೋಮವಾರ ಎಂದಿದ್ದು ಅದಕ್ಕೇ ಇರಬೇಕು.

ಅಂದರೆ ನಿಮಗಿನ್ನೂ ಎರಡು ದಿನ ಇದೆ. ಇವತ್ತು ಗುರುವಾರ ತಾನೇ?

ಎರಡನೆಯದು ಲೋನ್ ಬದಲಾಯಿಸಿದ ವಿಷಯ. ಸಿಡಿ ಕೊಟ್ಟ ಮೇಲೆ ಮತ್ತೆ ಮೂರು ದಿನ ಶುರುವಾಗುವುದು ಮೂರೇ ಕಾರಣಕ್ಕೆ. ಎಪಿಆರ್ (ಫೀ ಕೂಡ ಸೇರಿಸಿದ ವಾರ್ಷಿಕ ದರ) ಮಿತಿ ಮೀರಿ ತಪ್ಪಾದರೆ (ಸಾಮಾನ್ಯ ಲೋನ್‌ಗೆ ಈ ಮಿತಿ ಶೇ 0.125). ಲೋನ್‌ನ ಜಾತಿಯೇ ಬದಲಾದರೆ, ಫಿಕ್ಸೆಡ್‌ನಿಂದ ಎಆರ್‌ಎಂ ಥರ. ಬೇಗ ತೀರಿಸಿದರೆ ದಂಡ ಎಂಬ ಷರತ್ತು ಹೊಸದಾಗಿ ಸೇರಿದರೆ. ಅಷ್ಟೇ. ನಿಮಗೆ ಇನ್ನೂ ಮೊದಲ ಸಿಡಿಯೇ ಬಂದಿಲ್ಲ, ಹಾಗಾಗಿ ನಿಮ್ಮ ಯಜಮಾನರ ಮೇಲೆ ತಪ್ಪು ಹೊರಿಸಬೇಡಿ. ಸಿಯಾಟಲ್‌ನವರದು ಎರಡನೇ ಕಾರಣ.

ನನಗಿರುವ ಪ್ರಶ್ನೆ ಬೇರೆ. ಸಿಡಿ ಯಾಕೆ ಹೊರಟಿಲ್ಲ? ಅದಕ್ಕೆ ರೂಲ್ ಕಾರಣ ಅಲ್ಲ. ಫೈಲ್‌ನಲ್ಲಿ ಏನೋ ಬಾಕಿ ಇದೆ. ಏನದು?

---

ಮಜ್ಜಿಗೆಹುಳಿ

ಕೇಳಿದೆ ಅಕ್ಕ. ಮಾವನವರು ಮೈಸೂರಿನಿಂದ 30,000 ಡಾಲರ್ ಗಿಫ್ಟ್ ಕಳಿಸಿದ್ದಾರೆ. ಗಿಫ್ಟ್ ಲೆಟರ್ ಕೊಟ್ಟಿದ್ದೇವೆ. ಈಗ ಅಂಡರ್‌ರೈಟರ್‌ಗೆ (ಸಾಲದ ಫೈಲ್ ಪರಿಶೀಲಿಸಿ ಒಪ್ಪುವವರಿಗೆ) ಮಾವನವರ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕಂತೆ. ಮಾವನವರು ಪಾಸ್‌ಬುಕ್ ಪುಟ ವಾಟ್ಸಾಪ್‌ನಲ್ಲಿ ಫೋಟೊ ತೆಗೆದು ಕಳಿಸಿದ್ದರು. ಹೆಬ್ಬೆರಳು ಅರ್ಧ ಪುಟ ಮುಚ್ಚಿದೆ. ಅದು ನಡೆಯಲ್ಲ ಎಂದರು.

---

ಕುಂದಾಪ್ರ ಹುಡ್ಗ

ಹೆಬ್ಬೆರಳು! ನಮ್ಮಪ್ಪಯ್ಯನದೂ ಇದೇ ಕಥೆ ಮಾರಾಯ್ರೆ. ಸುಮ್ನೆ ಬ್ಯಾಂಕಿಗೆ ಹೋಗಿ ಸೀಲ್ ಹಾಕಿದ ಸ್ಟೇಟ್‌ಮೆಂಟ್ ತಗೊಳ್ಳಲು ಹೇಳಿ. ಜೊತೆಗೆ ಹಣ ಕಳಿಸಿದಾಗ ಕೊಟ್ಟ ಫಾರ್ಮ್ ಎ2 ಪ್ರತಿ, ಸ್ವಿಫ್ಟ್ ಕಾಪಿ (ಬ್ಯಾಂಕ್‌ನಿಂದ ಬ್ಯಾಂಕ್‌ಗೆ ಹಣ ಹೋದ ದಾಖಲೆ). ಅಲ್ಲಿಂದ ಹೊರಟ ಮೊತ್ತ, ಇಲ್ಲಿ ಬಂದ ಮೊತ್ತ ಎರಡೂ ತಾಳೆಯಾಗಬೇಕು. ರೂಪಾಯಿ ಮೊತ್ತದ ಪಕ್ಕ ಡಾಲರ್ ಲೆಕ್ಕ ಬರೆದುಕೊಡಿ, ಅಂಡರ್‌ರೈಟರ್‌ಗೆ ಲಕ್ಷ, ಕೋಟಿ ಕಾಮಾ ನೋಡಿದರೆ ತಲೆ ತಿರುಗುತ್ತದೆ. ನಮ್ಮ ಫೈಲ್‌ನಲ್ಲಿ 25,00,000 ಅನ್ನು ಎರಡೂವರೆ ಲಕ್ಷ ಅಂತ ಓದಿ, ಉಳಿದ ಹಣ ಎಲ್ಲಿಂದ ಬಂತು ಅಂತ ಪತ್ರ ಕೇಳಿದ್ದರು. ಅದಕ್ಕೇ ಆರು ದಿನ ಹೋಯಿತು.

ಇನ್ನೊಂದು ವಿಷಯ, ಮಾವನವರಿಗೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ವಸೂಲಿ ಮಾಡುವ ತೆರಿಗೆ) ಕಟ್ಟಾಗಿರುತ್ತದೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೇಲಿನ ಗಿಫ್ಟ್‌ಗೆ ಶೇ 20. ರಿಟರ್ನ್ಸ್ ಹಾಕುವಾಗ ವಾಪಸ್ ಕೇಳಬಹುದು, ಮರೆಯದಿರಲಿ.

---

ಕಾಪಿಪುಡಿ

ನೋಡಿ, ಹೀಗೇ ಆಗುವುದು. ದಿನ ನುಂಗಿದ್ದು ಹೆಬ್ಬೆರಳು, ಬೈಗುಳ ತಿಂದಿದ್ದು ರೂಲ್.

ನಾಳೆ ಬೆಳಿಗ್ಗೆ ಒಂದು ಮಾತು ಕೇಳಿ. ಗಿಫ್ಟ್ ಕಾಗದ ಬಾಕಿ ಇದ್ದರೂ ಮೊದಲ ಸಿಡಿ ಈಗಲೇ ಕಳಿಸಬಹುದಾ ಅಂತ. ಎಲ್ಲ ಕಂಡಿಷನ್ ಮುಗಿದ ಮೇಲೇ ಸಿಡಿ ಕೊಡಬೇಕು ಅಂತ ರೂಲ್‌ನಲ್ಲಿ ಇಲ್ಲ. ಆ ಹೊತ್ತಿಗೆ ಸಿಗುವ ಒಳ್ಳೆಯ ಮಾಹಿತಿ ಇಟ್ಟುಕೊಂಡು ಕೊಡಬೇಕು, ಆಮೇಲೆ ತಿದ್ದಿದ ಸಿಡಿ ಕೊಡಬೇಕು. ಕೆಲವು ಲೆಂಡರ್‌ಗಳು ತಮ್ಮದೇ ಪಾಲಿಸಿ ಅಂತ ‘ಕ್ಲಿಯರ್ ಟು ಕ್ಲೋಸ್’ (ಸಾಲಕ್ಕೆ ಕೊನೆಯ ಒಪ್ಪಿಗೆ) ಆಗುವವರೆಗೂ ಹಿಡಿದಿಟ್ಟುಕೊಳ್ಳುತ್ತಾರೆ. ಅದನ್ನೇ ಫೆಡರಲ್ ರೂಲ್ ಅಂತ ಹೇಳಿಬಿಟ್ಟರೆ ಗ್ರಾಹಕರು ಬಾಯಿ ಮುಚ್ಚುತ್ತಾರೆ, ಅಲ್ವಾ?

ಇನ್ನೊಂದು. ಸಿಡಿ ಇಮೇಲ್‌ನಲ್ಲಿ ಬಂದ ತಕ್ಷಣ ತೆರೆದು, ‘ತಲುಪಿದೆ’ ಅನ್ನುವ ಬಟನ್ ಒತ್ತಿ. ಒತ್ತದಿದ್ದರೆ ಕಳಿಸಿದ ಮೂರು ಕೆಲಸದ ದಿನ ಆದ ಮೇಲೆ ತಲುಪಿದೆ ಅಂತ ಲೆಕ್ಕ. ಅದರ ಮೇಲೆ ಇನ್ನೂ ಮೂರು. ಒಂದು ಬಟನ್ ಒತ್ತದೆ ವಾರ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಅದು ಸೈನ್ ಅಲ್ಲ, ಒಪ್ಪಿಗೆಯೂ ಅಲ್ಲ. ಬಂತು ಅನ್ನುವುದಕ್ಕೆ ಗುರುತು ಅಷ್ಟೇ. ಭಯ ಬೇಡ.

---

ಸಿಯಾಟಲ್ ಮಳೆ

ಸರಿ, ನಮ್ಮದು ನಮ್ಮ ತಪ್ಪೇ ಅನ್ನೋಣ. ಆದರೂ ಕೇಳುತ್ತೇನೆ. ಬಡ್ಡಿ ಕಡಿಮೆ ಮಾಡಿಕೊಳ್ಳಲು ನಾನೇ ಕೇಳಿ ಬದಲಾಯಿಸಿದ್ದು. ಓದಿದ್ದೇನೆ, ಅರ್ಥ ಆಗಿದೆ, ಒಪ್ಪಿದ್ದೇನೆ. ಇನ್ನೂ ಮೂರು ದಿನ ಯಾಕೆ ಕೂರಬೇಕು? ದುಡ್ಡು ಕೈಯಲ್ಲಿ ಹಿಡಿದು ಬರುವವರು ಹತ್ತು ದಿನದಲ್ಲಿ ಮನೆ ತಗೊಂಡು ಹೋಗುತ್ತಾರೆ. ಸಾಲ ಮಾಡುವವರಿಗೆ ಮಾತ್ರ ಈ ಮಡಿ.

---

ಡಲ್ಲಾಸ್ ದೊಡ್ಡಪ್ಪ

ತಮ್ಮಾ, ನಾನು ಮೊದಲ ಮನೆ ತಗೊಂಡಿದ್ದು 2006ರಲ್ಲಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಆಗ ಸಿಡಿ ಗಿಡಿ ಇರಲಿಲ್ಲ. ಹಡ್-1 ಅಂತ ಒಂದು ಲೆಕ್ಕದ ಕಾಗದ. ಒಂದು ದಿನ ಮುಂಚೆ ಕೇಳಿ ನೋಡುವ ಹಕ್ಕು ಇತ್ತಂತೆ, ನಮಗೆ ಯಾರೂ ಹೇಳಲಿಲ್ಲ. ಟೇಬಲ್ ಮೇಲೆಯೇ ಮೊದಲ ಬಾರಿ ನೋಡಿದ್ದು. ಅಂದಾಜು ಪಟ್ಟಿಯಲ್ಲಿ ಇದ್ದದ್ದಕ್ಕಿಂತ 2,800 ಡಾಲರ್ ಜಾಸ್ತಿ. ಯಾಕೆ ಅಂತ ಕೇಳಿದೆ. ಎದುರಿಗಿದ್ದ ಹುಡುಗಿ ಯಾವುದೋ ಸಾಲಿನ ಮೇಲೆ ಪೆನ್ ಇಟ್ಟು ‘ಇದು ಸಾಮಾನ್ಯ’ ಎಂದಳು. ಹೊರಗೆ ಮೂವರ್ಸ್ ಟ್ರಕ್ ನಿಂತಿತ್ತು, ನಿಮ್ಮ ದೊಡ್ಡಮ್ಮ ಏಳು ತಿಂಗಳ ಬಸುರಿ. ಚೆಕ್ ಬರೆದೆ. ಇನ್ನೇನು ಮಾಡಲಿ?

ಆಗ ಆ ಅಂದಾಜು ಪಟ್ಟಿಗೆ ಕಟ್ಟುಪಾಡೇ ಇರಲಿಲ್ಲ. 2010ರಲ್ಲಿ ಸ್ವಲ್ಪ ಬಿಗಿ ಮಾಡಿದರು. ಈಗಿನ ರೂಪ ಬಂದದ್ದು 2015ರ ಅಕ್ಟೋಬರ್ 3ರಂದು. 1968ರ ಒಂದು ಕಾನೂನು, 1974ರ ಇನ್ನೊಂದು, ಎರಡಕ್ಕೂ ಬೇರೆ ಬೇರೆ ಕಾಗದ, ಎರಡರಲ್ಲೂ ಅದೇ ಲೆಕ್ಕ ಬೇರೆ ಭಾಷೆಯಲ್ಲಿ. ಡಾಡ್-ಫ್ರಾಂಕ್ ಕಾನೂನು ಇವನ್ನು ಒಂದು ಮಾಡಿ ಅಂತ ಸಿಎಫ್‌ಪಿಬಿಗೆ (ಹಣಕಾಸಿನಲ್ಲಿ ಗ್ರಾಹಕರನ್ನು ಕಾಪಾಡುವ ಫೆಡರಲ್ ಸಂಸ್ಥೆ) ಹೇಳಿತು. ಶುರುವಿಗೆ ಮೂರು ಪುಟದ ಲೋನ್ ಎಸ್ಟಿಮೇಟ್, ಕೊನೆಗೆ ಐದು ಪುಟದ ಸಿಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಲಿಗೆ ಸಾಲು ಕೂಡುತ್ತದೆ. ನನಗೆ 2006ರಲ್ಲಿ ಬೇಕಾಗಿದ್ದದ್ದು ಅಷ್ಟೇ.

ಮೂರು ದಿನ ಯಾಕೆ ಅಂತ ಕೇಳಿದಿಯಲ್ಲ. ಬೇಡ ಅಂತ ಬರೆದುಕೊಡುವುದು ಸುಲಭ ಆಗಿದ್ದರೆ, ಆ ಟೇಬಲ್ ಮೇಲೆ ಅದೇ ಹುಡುಗಿ ಅದನ್ನೇ ಮೊದಲ ಕಾಗದ ಅಂತ ನನ್ನ ಮುಂದೆ ಇಡುತ್ತಿದ್ದಳು. ನಾನೂ ಸೈನ್ ಹಾಕುತ್ತಿದ್ದೆ.

---

ಕಾಪಿಪುಡಿ

ದೊಡ್ಡಪ್ಪ ಹೇಳಿದ್ದು ಸರಿ. ಬಿಡುವ ಅವಕಾಶ ಇದೆ, ಆದರೆ ನಿಜವಾದ ವೈಯಕ್ತಿಕ ಹಣದ ತುರ್ತು ಇರಬೇಕು. ಏನು ತುರ್ತು ಅಂತ ನಿಮ್ಮದೇ ಮಾತಿನಲ್ಲಿ ಬರೆದು, ತಾರೀಖು ಹಾಕಿ ಸೈನ್ ಮಾಡಬೇಕು. ಮೊದಲೇ ಮುದ್ರಿಸಿದ ಫಾರ್ಮ್ ನಡೆಯುವುದಿಲ್ಲ ಅಂತ ರೂಲೇ ಹೇಳುತ್ತದೆ. ರೂಲ್ ಕೊಡುವ ಉದಾಹರಣೆ ಏನು ಗೊತ್ತಾ? ಸಾಲ ಕಟ್ಟದೆ ಇರುವ ಮನೆ ಇನ್ನೇನು ಹರಾಜಾಗಲಿದೆ ಅನ್ನುವ ಸ್ಥಿತಿ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಷ್ಟಕ್ಕೂ ಇದನ್ನು ಬಳಸಬಹುದು ಅಂತ ಸಿಎಫ್‌ಪಿಬಿ ಬಿಡಿಸಿ ಹೇಳಿತ್ತು. ಮುಹೂರ್ತಕ್ಕೆ ಕೊಡುವುದಿಲ್ಲ ತಂಗಿ. ಕೇಳಿಯೂ ನೋಡಬೇಡ.

ರೂಲ್ ಬಂದ ಹೊಸತರಲ್ಲಿ ನಿಜವಾಗಿಯೂ ತಡ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಲೋನ್ ಸಾಫ್ಟ್‌ವೇರ್ ಮಾಡುವ ಎಲ್ಲೀ ಮೇ ಕಂಪನಿಯ ಲೆಕ್ಕದಲ್ಲಿ 2015ರ ಅಕ್ಟೋಬರ್‌ನಲ್ಲಿ ಲೋನ್ ಮುಗಿಯಲು ಸರಾಸರಿ 46 ದಿನ, ನವೆಂಬರ್‌ನಲ್ಲಿ 49. ನಮ್ಮ ಆಫೀಸ್‌ನಲ್ಲಿ ಸಾಫ್ಟ್‌ವೇರ್ ಹೊಸದು, ಟೈಟಲ್ ಕಂಪನಿಯವರ ಸಾಫ್ಟ್‌ವೇರ್ ಜೊತೆ ಮಾತಾಡುತ್ತಿರಲಿಲ್ಲ. ಒಂದೊಂದು ಫೀಗೂ ಫೋನ್ ಮಾಡಿ ಕೇಳಿ ಟೈಪ್ ಮಾಡಿದ್ದೇವೆ. ರಾತ್ರಿ ಹನ್ನೊಂದಕ್ಕೆ ಚಿತ್ರಾನ್ನ ತಿಂದುಕೊಂಡು ಟ್ರಾನ್ಸ್‌ಫರ್ ಟ್ಯಾಕ್ಸ್ (ಮನೆ ಕೈಬದಲಾಗುವಾಗಿನ ತೆರಿಗೆ) ಹುಡುಕಿದ್ದೇನೆ. ಆ ಕಾಲ ಹೋಯಿತು.

ಈಗ ರೂಲ್ ಕೇಳುವ ಕನಿಷ್ಠ ಸಮಯ ಎಷ್ಟು ಅಂತ ಯಾರೂ ಹೇಳುವುದಿಲ್ಲ. ಲೋನ್ ಎಸ್ಟಿಮೇಟ್ ಕಳಿಸಿದ ಮೇಲೆ ಏಳು ಕೆಲಸದ ದಿನ. ಸಿಡಿಯ ಮೂರು ದಿನ ಇದರೊಳಗೇ ಕೂರಬಹುದು. ಲೋನ್ ಎಸ್ಟಿಮೇಟ್ ಅರ್ಜಿ ಹಾಕಿದ ಮೂರು ದಿನದೊಳಗೆ ಹೊರಡಬೇಕು. ಅರ್ಜಿ ಅಂದರೆ ಆರೇ ವಿಷಯ: ಹೆಸರು, ಆದಾಯ, ಸೋಷಿಯಲ್ ಸೆಕ್ಯುರಿಟಿ ನಂಬರ್, ಮನೆ ವಿಳಾಸ, ಮನೆಯ ಅಂದಾಜು ಬೆಲೆ, ಬೇಕಾದ ಸಾಲ. ಇಷ್ಟು ಕೊಟ್ಟರೆ ಗಡಿಯಾರ ಶುರು. ಪೇ ಸ್ಟಬ್ (ಸಂಬಳದ ಚೀಟಿ), ಡಬ್ಲ್ಯೂ-2 (ವರ್ಷದ ಸಂಬಳ, ತೆರಿಗೆಯ ಫಾರ್ಮ್) ಕೊಟ್ಟರೇ ಎಸ್ಟಿಮೇಟ್ ಅಂತ ಅವರು ಹೇಳುವಂತಿಲ್ಲ. ಕ್ರೆಡಿಟ್ ರಿಪೋರ್ಟ್ ಬಿಟ್ಟು ಬೇರೆ ಫೀ ಕೇಳುವಂತಿಲ್ಲ, ನೀವು ಮುಂದುವರಿಯಿರಿ ಎನ್ನುವವರೆಗೂ.

ಉಳಿದ ಮೂವತ್ತು ಚಿಲ್ಲರೆ ದಿನ ಎಲ್ಲಿ ಹೋಗುತ್ತದೆ? ಮನೆಗೆ ಬೆಲೆ ಕಟ್ಟುವ ಅಪ್ರೈಸರ್ ಸಿಗುವುದಕ್ಕೆ. ಟೌನ್‌ಹೌಸ್ ಅಸೋಸಿಯೇಷನ್ ಪ್ರಶ್ನಾವಳಿ ತುಂಬಿ ಕೊಡುವುದಕ್ಕೆ. ಹಳೆಯ ಲೀನ್ (ಮನೆಯ ಮೇಲೆ ಬಾಕಿದಾರರ ಹಕ್ಕು) ಟೈಟಲ್‌ನಲ್ಲಿ ಸಿಕ್ಕರೆ ಅದನ್ನು ಬಿಡಿಸುವುದಕ್ಕೆ. ನಮ್ಮ ದೇಶದವರ ಫೈಲ್‌ನಲ್ಲಿ ಎಚ್-1ಬಿ ವೀಸಾದ ಐ-797 ಪತ್ರದ ಅವಧಿ ಮುಗಿಯುತ್ತಾ ಬಂದಿದ್ದರೆ ಎಕ್ಸ್‌ಟೆನ್ಷನ್ ರಸೀದಿ, ಅದಕ್ಕೊಂದು ಪತ್ರ. ನಡುವೆ ಕೆಲಸ ಬದಲಾಯಿಸಿದರಂತೂ ಮುಗಿಯಿತು. ಒಬ್ಬ ಪುಣ್ಯಾತ್ಮ ಕ್ಲೋಸಿಂಗ್‌ಗೆ ಒಂಬತ್ತು ದಿನ ಇರುವಾಗ ಟೆಸ್ಲಾ ಸಾಲ ಮಾಡಿದ.

---

ಅತ್ತಿಗೆ ಇನ್ ಪಿಟ್ಸ್‌ಬರ್ಗ್

ರೂಲ್‌ನಿಂದ ನನಗೆ 2,100 ಡಾಲರ್ ಉಳಿದಿದೆ, ಅದಕ್ಕೆ ಬರೆಯುತ್ತಿದ್ದೇನೆ. ಪೆನ್ಸಿಲ್ವೇನಿಯಾದಲ್ಲಿ ಮನೆ ಬೆಲೆ 4,20,000 ಡಾಲರ್. ಟ್ರಾನ್ಸ್‌ಫರ್ ಟ್ಯಾಕ್ಸ್‌ನಲ್ಲಿ ನಮ್ಮ ಪಾಲು ಶೇ 1, ಅಂದರೆ 4,200. ಲೋನ್ ಎಸ್ಟಿಮೇಟ್‌ನಲ್ಲಿ ಯಾರೋ 2,100 ಅಂತ ಹಾಕಿಬಿಟ್ಟಿದ್ದರು. ಸಿಡಿಯಲ್ಲಿ 4,200 ಬಂತು. ಎರಡನ್ನೂ ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಮಗಳ ಸ್ಕೇಲ್ ಹಿಡಿದು ಒಂದೊಂದೇ ಸಾಲು ನೋಡಿದೆ. ಫೋನ್ ಮಾಡಿದೆ. ವ್ಯತ್ಯಾಸ ಅವರೇ ಕೊಟ್ಟರು. ನನಗೆ ಜಗಳ ಆಡುವ ಉತ್ಸಾಹ ಇತ್ತು, ಅದೊಂದು ವ್ಯರ್ಥವಾಯಿತು.

---

ಕಾಪಿಪುಡಿ

ಟ್ರಾನ್ಸ್‌ಫರ್ ಟ್ಯಾಕ್ಸ್ ಒಂದು ಡಾಲರ್ ಕೂಡ ಏರುವಂತಿಲ್ಲ, ಸರಿಯಾದ ಕಾರಣ ಇಲ್ಲದೆ. ಲೆಂಡರ್ ತಾನೇ ತಗೊಳ್ಳುವ ಫೀ ಕೂಡ ಹಾಗೇ. ರೆಕಾರ್ಡಿಂಗ್ ಫೀ (ಪತ್ರ ನೋಂದಣಿಯ ಶುಲ್ಕ) ಮತ್ತು ಲೆಂಡರ್ ಕೊಟ್ಟ ಪಟ್ಟಿಯಿಂದ ನೀವು ಆರಿಸಿದವರ ಫೀ ಒಟ್ಟು ಸೇರಿ ಶೇ 10 ಏರಬಹುದು. ಮನೆ ಇನ್ಶೂರೆನ್ಸ್, ಮೊದಲೇ ಕಟ್ಟುವ ಬಡ್ಡಿ, ಎಸ್ಕ್ರೋಗೆ (ತೆರಿಗೆ, ಇನ್ಶೂರೆನ್ಸ್ ಕಟ್ಟಲು ತೆಗೆದಿಡುವ ಖಾತೆ) ಹಾಕುವ ಹಣ, ನೀವೇ ಹೊರಗಿಂದ ಹುಡುಕಿದವರ ಫೀ, ಇವಕ್ಕೆ ಮಿತಿ ಇಲ್ಲ. ಮಿತಿ ಮೀರಿದ್ದನ್ನು ಕ್ಲೋಸ್ ಆದ 60 ದಿನದೊಳಗೆ ವಾಪಸ್ ಕೊಡಬೇಕು.

---

ಕುಂದಾಪ್ರ ಹುಡ್ಗ

ನನಗೆ ತಲೆಕೆಟ್ಟದ್ದು ಈ ‘ಮೂರು ದಿನ’ಗಳಿಂದ. ಜೆರ್ಸಿಯಲ್ಲಿ ಕಾಂಟ್ರ್ಯಾಕ್ಟ್ ಆದ ಮೇಲೆ ಲಾಯರ್ ನೋಡಲು ಮೂರು ದಿನ. ಎಸ್ಟಿಮೇಟ್‌ಗೆ ಮೂರು ದಿನ. ಅಪ್ರೈಸಲ್ ಪ್ರತಿ ಕ್ಲೋಸಿಂಗ್‌ಗೆ ಮೂರು ದಿನ ಮುಂಚೆ. ಸಿಡಿಗೆ ಮೂರು ದಿನ. ರೀಫೈನಾನ್ಸ್ ಮಾಡಿದಾಗ ಸೈನ್ ಆದ ಮೇಲೆ ಬೇಡ ಅನ್ನಲು ಇನ್ನೊಂದು ಮೂರು ದಿನ. ಅತ್ತೆ ಕೇಳಿದರು, ‘ಇದೇನು ಮನೆ ತಗೊಳ್ತಿದ್ದೀರೋ ಸೂತಕ ಮಾಡ್ತಿದ್ದೀರೋ’ ಅಂತ.

---

ಡಲ್ಲಾಸ್ ದೊಡ್ಡಪ್ಪ

ಟೆಕ್ಸಾಸ್‌ಗೆ ಬನ್ನಿ. ಇರುವ ಮನೆಯ ಮೇಲೆ ಕ್ಯಾಶ್-ಔಟ್ ಸಾಲ ತಗೊಂಡರೆ 12 ದಿನ ಕಾಯಬೇಕು. ಅದೂ ರಾಜ್ಯದ ಸಂವಿಧಾನದಲ್ಲೇ ಬರೆದಿಟ್ಟಿದ್ದಾರೆ. ಸೂತಕವೇ.

---

ಜಯನಗರ 4ನೇ ಬ್ಲಾಕ್

ಬೆಂಗಳೂರಿನಿಂದ ಓದುತ್ತಿದ್ದೇನೆ, ಹೊಟ್ಟೆಕಿಚ್ಚಾಯಿತು. ಇಲ್ಲೂ 2024ರ ಅಕ್ಟೋಬರ್ 1ರಿಂದ ಹೊಸ ಮನೆಸಾಲಕ್ಕೆ ಬ್ಯಾಂಕು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಬೇಕು ಅಂತ ಆರ್‌ಬಿಐ ಮಾಡಿದೆ. ಎಪಿಆರ್ ಅದರಲ್ಲಿ ಬರಬೇಕು, ಕನಿಷ್ಠ ಮೂರು ಕೆಲಸದ ದಿನ ಅದೇ ಷರತ್ತಿನ ಮೇಲೆ ನಿಲ್ಲಬೇಕು. ಅದರಲ್ಲಿ ಇಲ್ಲದ ಫೀ ನಮ್ಮ ಒಪ್ಪಿಗೆ ಇಲ್ಲದೆ ಹಾಕುವಂತಿಲ್ಲ. ನಮಗೂ ಕೊಟ್ಟರು, ಸೈನ್ ಮಾಡುವ ನಲವತ್ತು ಹಾಳೆಯ ಮಧ್ಯೆ. ಮೂರು ದಿನ ನೋಡಿ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮದು ತಡವಾಗಿದ್ದು ಹಳೆಯ ಮದರ್ ಡೀಡ್‌ನಲ್ಲಿ ಅಜ್ಜನ ಹೆಸರಿನ ಇನಿಷಿಯಲ್ ತಪ್ಪಿದ್ದಕ್ಕೆ, ಆಮೇಲೆ ಇ-ಖಾತಾಗೆ. ಮೂರು ದಿನ ಅಲ್ಲ, ಮೂರೂವರೆ ತಿಂಗಳು.

---

ಮಜ್ಜಿಗೆಹುಳಿ (ಶನಿವಾರ ರಾತ್ರಿ)

ಅಪ್‌ಡೇಟ್. ಶುಕ್ರವಾರ ಬೆಳಿಗ್ಗೆ ಅಕ್ಕ ಹೇಳಿದ ಮಾತು ಹಾಗೆಯೇ ಕೇಳಿದೆ. ಲೋನ್ ಆಫೀಸರ್ ಎರಡು ಗಂಟೆ ಬಿಟ್ಟು ಫೋನ್ ಮಾಡಿ, ಮ್ಯಾನೇಜರ್ ಒಪ್ಪಿದ್ದಾರೆ, ಸಿಡಿ ಸಂಜೆ ಬರುತ್ತದೆ ಎಂದರು. ಬಂತು. ನಾನು ತಕ್ಷಣ ಬಟನ್ ಒತ್ತಿದೆ. ನಮ್ಮವರಿಗೆ ಬಂದಿಲ್ಲ ಎಂದರು. ಇಬ್ಬರೂ ಒತ್ತಬೇಕು ಅಂತ ಈ ಲೆಂಡರ್ ಪಾಲಿಸಿ. ಇವತ್ತು ಇಡೀ ದಿನ ಹುಡುಕಿ, ರಾತ್ರಿ ಒಂಬತ್ತಕ್ಕೆ ಸ್ಪ್ಯಾಮ್‌ನಲ್ಲಿ ಸಿಕ್ಕಿತು, ಲಾಟರಿ ಗೆದ್ದಿದ್ದೀರಿ ಅನ್ನುವ ಎರಡು ಮೇಲ್‌ಗಳ ನಡುವೆ. ಒತ್ತಿದ್ದಾರೆ. ಶನಿವಾರ ಲೆಕ್ಕಕ್ಕೆ ಬರುತ್ತದೆ ಅಲ್ವಾ ಅಕ್ಕ?

ಅತ್ತಿಗೆಯವರ ಥರ ಸ್ಕೇಲ್ ಇಟ್ಟು ನೋಡಿದೆ. ಮನೆ ಇನ್‌ಸ್ಪೆಕ್ಷನ್‌ನಲ್ಲಿ ಬಾಯ್ಲರ್ ಹಳೆಯದು ಅಂತ ಮಾರಾಟಗಾರರು 3,500 ಡಾಲರ್ ಬಿಡಲು ಒಪ್ಪಿದ್ದರು. ಸಿಡಿಯಲ್ಲಿ ಅದು ಎಲ್ಲೂ ಇಲ್ಲ! ಈಗ ಅದನ್ನು ಸೇರಿಸಿದರೆ ಮತ್ತೆ ಮೂರು ದಿನವಾ? ಸೇರಿಸಬೇಡಿ ಅಂತ ಬಿಟ್ಟುಬಿಡೋಣ ಅಂತಿದ್ದಾರೆ ನಮ್ಮವರು.

---

ಕಾಪಿಪುಡಿ

ಬಿಡಬೇಡಿ! ಶನಿವಾರ ಲೆಕ್ಕಕ್ಕೆ ಬರುತ್ತದೆ. ಮಾರಾಟಗಾರರ ಕ್ರೆಡಿಟ್ ಸೇರಿಸಿದರೆ ಆ ಮೂರು ಕಾರಣದಲ್ಲಿ ಯಾವುದೂ ಅಲ್ಲ. ತಿದ್ದಿದ ಸಿಡಿ ಕ್ಲೋಸಿಂಗ್ ಹೊತ್ತಿಗೆ ಕೊಟ್ಟರೆ ಸಾಕು. ಈಗಲೇ ಲಾಯರ್‌ಗೂ ಲೋನ್ ಆಫೀಸರ್‌ಗೂ ಒಂದೇ ಇಮೇಲ್‌ನಲ್ಲಿ ಬರೆಯಿರಿ, ಕ್ರೆಡಿಟ್ ಒಪ್ಪಿದ ಕಾಗದ ಜೊತೆಗಿರಲಿ. ತಿದ್ದಿದ್ದನ್ನು ಒಂದು ದಿನ ಮುಂಚೆ ನೋಡಬೇಕು ಅಂತ ಕೇಳುವ ಹಕ್ಕೂ ನಿಮಗಿದೆ.

ವೈರ್ ಮಾಡುವ ಮುಂಚೆ ಅಕೌಂಟ್ ನಂಬರ್ ಫೋನ್‌ನಲ್ಲಿ ಓದಿಸಿ ಕೇಳಿ. ನಂಬರ್ ಬದಲಾಗಿದೆ ಅಂತ ಇಮೇಲ್ ಬಂದರೆ ಅದು ಕಳ್ಳರದು ಅಂತಲೇ ತಿಳಿಯಿರಿ.

---

ಸಿಯಾಟಲ್ ಮಳೆ

3,500 ಡಾಲರ್ ಸಿಕ್ಕಿದ್ದು ಆ ಮೂರು ದಿನ ಇದ್ದದ್ದಕ್ಕೆ ಅಂತ ದೊಡ್ಡಪ್ಪ ಈಗ ಬರೆಯುತ್ತಾರೆ. ನಾನೇ ಬರೆದುಬಿಟ್ಟೆ. ಆದರೂ ಓದಿದವನಿಗೆ ಬಿಡುವ ಅವಕಾಶ ಇರಬೇಕು ಅನ್ನುವುದು ನನ್ನ ಮಾತು.

---

ಡಲ್ಲಾಸ್ ದೊಡ್ಡಪ್ಪ

ನಾನೇನೂ ಹೇಳಿಲ್ಲಪ್ಪ.

---

ಮಜ್ಜಿಗೆಹುಳಿ (ಸೋಮವಾರ, ಡಿಸೆಂಬರ್ 1)

ಆಯಿತು! ಮಾವನವರು ಹಿಂದಿನ ಸೋಮವಾರ ಬೆಳಿಗ್ಗೆ ಬ್ಯಾಂಕ್ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತು ಸೀಲ್ ಹಾಕಿಸಿ ಸ್ಕ್ಯಾನ್ ಕಳಿಸಿದರು. ಮಂಗಳವಾರ ಮಧ್ಯಾಹ್ನ ಕ್ಲಿಯರ್ ಆಯಿತು. ತಿದ್ದಿದ ಸಿಡಿಯಲ್ಲಿ 3,500 ಬಂತು. ಬುಧವಾರ ನಾಲ್ಕು ಗಂಟೆಗೆ ಸೈನ್, ಐದೂವರೆಗೆ ಬೀಗದಕೈ. ಟೈಟಲ್ ಆಫೀಸ್‌ನಲ್ಲಿ ನಾವೇ ಕೊನೆಯವರು, ಹಿಂದೆಯೇ ದೀಪ ಆರಿಸುತ್ತಾ ಬಂದರು.

ಭಾನುವಾರ ಹಾಲು ಉಕ್ಕಿತು, ಜೊತೆಗೆ ಸ್ಮೋಕ್ ಅಲಾರ್ಮ್ ಕೂಗಿತು. ಹೋಮದ ಹೊಗೆ. ಕಿಟಕಿ ತೆರೆದು ನಲವತ್ತು ಜನ ಜಾಕೆಟ್ ಹಾಕಿಕೊಂಡು ಬಿಸಿಬೇಳೆಬಾತ್ ತಿಂದರು.

ಕಾಪಿಪುಡಿ ಅಕ್ಕ, ಜೆರ್ಸಿ ಕಡೆ ಬಂದರೆ ಊಟಕ್ಕೆ ಬರಲೇಬೇಕು. ಮತ್ತೆ ಒಂದು ಪ್ರಶ್ನೆ. ಬೀದಿಯ ಕೊನೆಯಲ್ಲಿ ಎಲ್ಲರ ಅಂಚೆಪೆಟ್ಟಿಗೆ ಒಟ್ಟಿಗೆ ಇದೆ. ನಮ್ಮದರ ಬೀಗದಕೈ ಮಾರಾಟಗಾರರು ಕೊಟ್ಟೇ ಇಲ್ಲ. ಪೋಸ್ಟಾಫೀಸಿಗೆ ಏನು ತೋರಿಸಿದರೆ ಹೊಸದು ಕೊಡುತ್ತಾರೆ? ಸಿಡಿ ನಡೆಯುತ್ತದಾ?